ಬಿಲ್ ನಿಮ್ಮದು, ಪಾಸ್‌ವರ್ಡ್ ಯಾರದು? ಅಂಗಡಿ ಲೆಕ್ಕ ಕ್ಲೌಡ್‌ಗೆ ಹೋದ ಮೇಲೆ ಮಾಲೀಕರು ಕೇಳಿಕೊಳ್ಳಬೇಕಾದ ಪ್ರಶ್ನೆ

ಹಾವೇರಿ: 2025ರ ಜುಲೈ ತಿಂಗಳನ್ನು ಜಿಲ್ಲೆಯ ವ್ಯಾಪಾರಸ್ಥರು ಇನ್ನೂ ಮರೆತಿಲ್ಲ. ನಗರದ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕಟ್ಟುವಂತೆ ನೋಟಿಸ್ ಬಂದ ಸುದ್ದಿ ದೇಶದ ತುಂಬ ಹರಡಿತು. ನಾಲ್ಕು ವರ್ಷಗಳಲ್ಲಿ ಅವರ ಡಿಜಿಟಲ್ ವಹಿವಾಟು 1.63 ಕೋಟಿ ರೂಪಾಯಿ ಆಗಿದೆ ಅನ್ನೋದು ನೋಟಿಸ್‌ಗೆ ಆಧಾರ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಯುಪಿಐ ಲೆಕ್ಕಕ್ಕೆ ಕಾಣುವುದು ದುಡ್ಡು ಮಾತ್ರ. ಆ ದುಡ್ಡು ಬದನೆಕಾಯಿಯದೋ ಸಿಮೆಂಟಿನದೋ ಅದಕ್ಕೆ ಗೊತ್ತಾಗಲ್ಲ.

ರಾಜ್ಯದ ಹಲವೆಡೆ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು. ಜುಲೈ 25ಕ್ಕೆ ಬಂದ್ ಮಾತೂ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಸಭೆ ಮಾಡಿ, ತೆರಿಗೆ ವಿನಾಯ್ತಿ ಇರುವ ಸರಕು ಮಾರುವವರಿಗೆ ತೊಂದರೆ ಆಗದು ಎಂಬ ಭರವಸೆ ಕೊಟ್ಟ ಮೇಲೆ ಬಿಸಿ ತಣ್ಣಗಾಯಿತು.

ಬಿಸಿ ತಣ್ಣಗಾದರೂ ಪಾಠ ಉಳಿಯಿತು. ನೋಟಿಸ್‌ಗೆ ಉತ್ತರ ಕೊಡಲು ಬೇಕಾಗಿದ್ದು ಒಂದೇ: ಲೆಕ್ಕ. ಯಾವ ವರ್ಷ ಏನು ತಂದಿರಿ, ಏನು ಮಾರಿದಿರಿ, ಅದರಲ್ಲಿ ತೆರಿಗೆ ಬೀಳುವುದು ಎಷ್ಟು, ಬೀಳದ್ದು ಎಷ್ಟು? ಅದನ್ನು ತೋರಿಸೋಕೆ ಆಗುವವರಿಗೆ ಧೈರ್ಯ, ಆಗದವರಿಗೆ ಅಧಿಕಾರಿಯ ಅಂದಾಜೇ ಗತಿ.

ಈಗ ಆ ಲೆಕ್ಕ ಎಲ್ಲಿದೆ? ಕೆಲವರದು ಪುಸ್ತಕದಲ್ಲಿ, ಕೆಲವರದು ಅಂಗಡಿ ಕಂಪ್ಯೂಟರ್‌ನಲ್ಲಿ. ಮೊಬೈಲ್ ಆ್ಯಪ್‌ನಲ್ಲಿ ಬಿಲ್ ಹಾಕುವವರ ಲೆಕ್ಕ, ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಿ ಆನ್‌ಲೈನ್ ಸಾಫ್ಟ್‌ವೇರ್ ಬಳಸುವವರ ಲೆಕ್ಕ ಬಹುಮಟ್ಟಿಗೆ ‘ಕ್ಲೌಡ್’ನಲ್ಲಿ. ಅಲ್ಲಿ ಇಡುವುದು ಸರಿಯೋ ತಪ್ಪೋ ಎಂಬ ಚರ್ಚೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಖಾತೆ ಯಾರ ಹೆಸರಿನಲ್ಲಿದೆ?

ಚೀಟಿ ಯಾರ ಹೆಸರಿನಲ್ಲಿ?

ಕ್ಲೌಡ್ ಅಂದರೆ ಬಾಡಿಗೆ ಗೋದಾಮು ಇದ್ದ ಹಾಗೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಚೀಲ ಇಡುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಬೇರೆಯವರದು, ಚೀಲ ನಿಮ್ಮದು. ನಿಮ್ಮದು ಅನ್ನೋದಕ್ಕೆ ಸಾಕ್ಷಿ ಕೈಯಲ್ಲಿರುವ ಚೀಟಿ. ಆ ಚೀಟಿಯನ್ನು ಗಾಡಿ ತಂದ ಡ್ರೈವರ್ ಹೆಸರಿಗೆ ಬರೆಸಿ ಮನೆಗೆ ಬರುವ ರೈತ ಯಾರೂ ಇಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ ಆಗ್ತಿರೋದು ಹೆಚ್ಚುಕಡಿಮೆ ಅದೇ. ಸಾಫ್ಟ್‌ವೇರ್ ಹಾಕಿಕೊಡಲು ಬಂದ ಹುಡುಗ ತನ್ನ ಇ-ಮೇಲ್ ಹಾಕಿ ಖಾತೆ ತೆರೆಯುತ್ತಾನೆ. ಮಾಲೀಕರ ಹತ್ತಿರ ಇ-ಮೇಲ್ ಇಲ್ಲ, ಇದ್ದರೂ ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಅವನ ಮೊಬೈಲ್‌ಗೆ ಹೋಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಕೌಂಟೆಂಟ್ ನಂಬರ್, ಇ-ವೇ ಬಿಲ್‌ನಲ್ಲಿ ಗುಮಾಸ್ತನ ನಂಬರ್. ಕೇಳಿದರೆ ‘ಅದೆಲ್ಲ ಅವ್ರ ಕಡೆ ಐತ್ರೀ’ ಎಂಬ ಉತ್ತರ.

ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇರಬೇಕಿಲ್ಲ. ಮಾಲೀಕರಿಗೆ ಪುರಸೊತ್ತಿಲ್ಲ, ಹುಡುಗನಿಗೆ ಕೆಲಸ ಬೇಗ ಮುಗೀಬೇಕು. ತೊಂದರೆ ಕಾಣುವುದು ಆಮೇಲೆ. ಒಂದು ಹಾರ್ಡ್‌ವೇರ್ ಅಂಗಡಿ ಅಂದ್ಕೊಳ್ಳಿ. ನಾಲ್ಕು ವರ್ಷದ ಬಿಲ್, ಸ್ಟಾಕ್, ಉದ್ರಿ ಬಾಕಿ ಎಲ್ಲ ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿದೆ. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ಸಿಮ್ ಬದಲಾಯಿಸಿದ. ಒಂದು ದಿನ ಅಂಗಡಿ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಲಾಗಿನ್ ಕೇಳುತ್ತದೆ, ಒಟಿಪಿ ಹಳೇ ನಂಬರ್‌ಗೆ ಹೋಗುತ್ತದೆ. ಕಂಪನಿಗೆ ಫೋನ್ ಮಾಡಿದರೆ ‘ರಿಜಿಸ್ಟರ್ಡ್ ನಂಬರ್‌ನಿಂದ ಕರೆ ಮಾಡಿ’ ಅನ್ನುತ್ತಾರೆ. ಕಂಪನಿಯ ಕಣ್ಣಿಗೆ ಆ ಅಂಗಡಿಯ ಮಾಲೀಕ ಆ ಹುಡುಗನೇ. ದುಡ್ಡು ಕಟ್ಟಿದವರು ಯಾರು ಅನ್ನೋದು ಅಲ್ಲಿ ನಡೆಯಲ್ಲ.

ಕಾನೂನು ಕೇಳುವುದು ಮಾಲೀಕರನ್ನೇ

‘ಅಕೌಂಟೆಂಟ್ ನೋಡ್ಕೋತಾರೆ’ ಅನ್ನೋ ಉತ್ತರ ಕಾನೂನಿಗೆ ಸಾಲದು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಒಂದು ವರ್ಷದ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಕಾಯ್ದಿಡಬೇಕು. 2024-25ರ ವಾರ್ಷಿಕ ರಿಟರ್ನ್‌ಗೆ 2025ರ ಡಿಸೆಂಬರ್ 31 ಕೊನೆ ದಿನ. ಹಾಗಾಗಿ ಆ ವರ್ಷದ ಬಿಲ್‌ಗಳು 2031ರ ಡಿಸೆಂಬರ್ ವರೆಗೆ ಕೈಗೆ ಸಿಗುವಂತಿರಬೇಕು. ಮೇಲ್ಮನವಿ ಏನಾದರೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು ದಿನ.

ಜಿಎಸ್‌ಟಿ ನಿಯಮ 57 ಇನ್ನೂ ಸ್ಪಷ್ಟ. ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟವರು ಅದಕ್ಕೆ ಸರಿಯಾದ ಬ್ಯಾಕಪ್ ಇಡಬೇಕು. ಅವಘಡದಲ್ಲಿ ಮೂಲ ಹಾಳಾದರೂ ಸಮಂಜಸ ಸಮಯದಲ್ಲಿ ಮರಳಿ ತರುವಂತಿರಬೇಕು. ಅಧಿಕಾರಿ ಕೇಳಿದರೆ ದಾಖಲೆಯನ್ನೂ, ಆ ಫೈಲ್‌ಗಳ ಪಾಸ್‌ವರ್ಡನ್ನೂ ಕೊಡಬೇಕು. ಈ ಹೊಣೆ ನೋಂದಣಿ ಯಾರ ಹೆಸರಲ್ಲಿದೆಯೋ ಅವರದು. ಸಾಫ್ಟ್‌ವೇರ್ ಕಂಪನಿಯದಲ್ಲ, ಹಾಕಿಕೊಟ್ಟ ಹುಡುಗನದೂ ಅಲ್ಲ.

ಇಲ್ಲೊಂದು ಲೆಕ್ಕ ಹೊಂದುವುದಿಲ್ಲ. ಸಾಫ್ಟ್‌ವೇರ್ ಚಂದಾ ಸಾಮಾನ್ಯವಾಗಿ ವರ್ಷಕ್ಕೆ. ಲೆಕ್ಕ ಇಡಬೇಕಾದ್ದು ಆರು ವರ್ಷಕ್ಕೂ ಹೆಚ್ಚು. ನಡುವೆ ಚಂದಾ ನಿಲ್ಲಿಸಿದರೆ, ಬೇರೆ ಸಾಫ್ಟ್‌ವೇರ್‌ಗೆ ಹೋದರೆ ಹಳೇ ಬಿಲ್ ಎಲ್ಲಿ? ಕೆಲವು ಕಂಪನಿಗಳು ನೋಡಲು ಮಾತ್ರ ಬಿಡುತ್ತವೆ, ಕೆಲವು ನಿಗದಿತ ದಿನಗಳ ನಂತರ ಅಳಿಸುತ್ತವೆ. ಕೊಳ್ಳುವ ಮೊದಲೇ ಇದನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.

ಗ್ರಾಹಕರ ಮಾಹಿತಿಯದೂ ಇದೇ ಕಥೆ. ಉದ್ರಿ ಪಟ್ಟಿಯಲ್ಲಿ ಹೆಸರು, ಮೊಬೈಲ್ ನಂಬರ್, ಊರು ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಮಾಹಿತಿ ಇಡುವ ಕೆಲಸವನ್ನು ಬೇರೆ ಕಂಪನಿಗೆ ವಹಿಸಿದ್ದರೂ ಹೊಣೆ ಅದನ್ನು ಸಂಗ್ರಹಿಸಿದವರದೇ ಎಂಬುದು ಆ ಕಾಯ್ದೆಯ ಮೂಲ ತತ್ವ.

ಹಾಗಂತ ಕಿರ್ದಿ ಪುಸ್ತಕಕ್ಕೇ ವಾಪಸ್ ಹೋಗಬೇಕಾ?

ಬೇಕಿಲ್ಲ. ಹಿಂದೆ ಕಿರ್ದಿ, ಖಾತಾವಣಿ ಪುಸ್ತಕ ಅಂಗಡಿ ಬಿಟ್ಟು ಹೊರಗೆ ಹೋಗ್ತಿರಲಿಲ್ಲ. ದೀಪಾವಳಿಗೆ ಅದಕ್ಕೇ ಪೂಜೆ. ಆದರೆ ಆ ಪುಸ್ತಕಕ್ಕೆ ಗೆದ್ದಲು ಹಿಡಿದರೆ, ಮಳೆ ನೀರು ಬಿದ್ದರೆ ಎರಡನೇ ಪ್ರತಿ ಇರಲಿಲ್ಲ. ಅಂಗಡಿಯ ಒಂಟಿ ಕಂಪ್ಯೂಟರ್‌ನದೂ ಅದೇ ಪಾಡು. ಹಾರ್ಡ್ ಡಿಸ್ಕ್ ಹೋದರೆ, ವೈರಸ್ ಬಂದು ಫೈಲ್‌ಗಳಿಗೆಲ್ಲ ಬೀಗ ಬಿದ್ದರೆ ಮುಗೀತು.

ಕ್ಲೌಡ್‌ನ ಅನುಕೂಲ 2025ರ ಸೆಪ್ಟೆಂಬರ್ 22ರಂದು ಕಣ್ಣಿಗೇ ಕಂಡಿತು. ಅಂದು ಜಿಎಸ್‌ಟಿಯ 12 ಮತ್ತು 28 ಪರ್ಸೆಂಟ್ ಹಂತಗಳಲ್ಲಿದ್ದ ಬಹುಪಾಲು ಸರಕುಗಳ ದರ ಬದಲಾಗಿ 5 ಮತ್ತು 18 ಮುಖ್ಯ ಹಂತಗಳಾದವು. ಇಂಥ ಬದಲಾವಣೆ ಬಂದಾಗ ಆನ್‌ಲೈನ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಕಂಪನಿ ಕಡೆಯಿಂದಲೇ ಬರುತ್ತದೆ. ವರ್ಷಗಟ್ಟಲೆ ಅಪ್‌ಡೇಟ್ ಮಾಡದ ಹಳೇ ಪ್ರತಿ ಇಟ್ಟುಕೊಂಡವರು ಒಂದೊಂದೇ ಐಟಂ ಹಿಡಿದು ತಿದ್ದಬೇಕು. ಆದರೂ ಐಟಂಗೆ ಸರಿಯಾದ ಎಚ್‌ಎಸ್‌ಎನ್ ಕೋಡ್, ದರ ಬಿದ್ದಿದೆಯೇ ಎಂದು ನೋಡುವ ಕೆಲಸ ಎರಡೂ ಕಡೆ ಮಾಲೀಕರದೇ.

ದೊಡ್ಡವರ ಗೋದಾಮಿಗೂ ಬೆಂಕಿ ಬೀಳುತ್ತದೆ

‘ದೊಡ್ಡ ಕಂಪನಿ, ಅಲ್ಲಿ ಏನೂ ಆಗಲ್ಲ’ ಎಂಬ ನಂಬಿಕೆಯೂ ಅರ್ಧ ಸತ್ಯ.

2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು. ಹಾನಿ ಹರಡದಂತೆ ಎನ್‌ಪಿಸಿಐ ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳ ಯುಪಿಐ, ಎಟಿಎಂ ಸೇವೆಗೆ ಪೆಟ್ಟು ಬಿತ್ತು. ಆಗಸ್ಟ್ 1ರಂದು ಸಂಪರ್ಕ ಮರಳಿತು. ಆ ಬ್ಯಾಂಕ್‌ಗಳು ತಾವೇನೂ ತಪ್ಪು ಮಾಡಿರಲಿಲ್ಲ. ಎಲ್ಲರ ಚೀಲವೂ ಒಂದೇ ಗೋದಾಮಿನಲ್ಲಿತ್ತು, ಅಷ್ಟೆ.

2025ರ ಜುಲೈನಲ್ಲಿ ಇನ್ನೊಂದು ಬಗೆಯ ಘಟನೆ. ರಷ್ಯಾದ ಕಂಪನಿಯ ಪಾಲು ಇರುವ ನಯಾರಾ ಎನರ್ಜಿ ಎಂಬ ತೈಲ ಕಂಪನಿಗೆ ಯುರೋಪ್ ನಿರ್ಬಂಧ ಹೇರಿತು. ಅದರ ಬೆನ್ನಿಗೇ ಮೈಕ್ರೋಸಾಫ್ಟ್ ಆ ಕಂಪನಿಯ ಇ-ಮೇಲ್ ಮತ್ತಿತರ ಸೇವೆ ನಿಲ್ಲಿಸಿತು. ಚಂದಾ ಪೂರ್ತಿ ಕಟ್ಟಿದ್ದೇವೆ ಎಂದು ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಅಂಥ ಕಂಪನಿಗೆ ಹೈಕೋರ್ಟ್ ಬಾಗಿಲು ತಟ್ಟಲು ವಕೀಲರಿದ್ದಾರೆ. ರಾಣೆಬೆನ್ನೂರಿನ ಬಟ್ಟೆ ಅಂಗಡಿಗೆ, ಹಾನಗಲ್ಲಿನ ಗೊಬ್ಬರದ ಅಂಗಡಿಗೆ ಆ ಅನುಕೂಲ ಇಲ್ಲ.

ಸರ್ಕಾರಗಳೂ ಎಡವುತ್ತವೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಅಲ್ಲಿನ ಸರ್ಕಾರಿ ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ ಪೂರ್ತಿ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶಕ್ಕೂ ಎರಡನೇ ಪ್ರತಿ ಇಡುವುದು ಮರೆತುಹೋಗಿತ್ತು.

ಮೂರೂ ಘಟನೆ ಹೇಳುವುದು ಒಂದೇ ಮಾತು. ಕ್ಲೌಡ್ ಅನ್ನೋದು ಒಂದು ಪ್ರತಿ. ಎರಡನೆಯದನ್ನು ನೀವೇ ಇಟ್ಟುಕೊಳ್ಳಬೇಕು.

‘ಸರ್ಕಾರ ಕಡ್ಡಾಯ ಮಾಡೈತಿ’ ಅಂದರೆ ನಂಬಬೇಡಿ

ಸಾಫ್ಟ್‌ವೇರ್ ಮಾರುವವರು ಅಂಗಡಿಗೆ ಬಂದು ಮೊದಲು ಹೇಳುವ ಮಾತು ಹಲವು ಸಲ ಇದೇ. ಯಾವುದು ಯಾರಿಗೆ ಕಡ್ಡಾಯ ಎಂದು ತಿಳಿದಿದ್ದರೆ ಅನಗತ್ಯ ಖರ್ಚು ತಪ್ಪುತ್ತದೆ.

ಇ-ಇನ್‌ವಾಯ್ಸ್: 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಕಡ್ಡಾಯ. ಅದೂ ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ. ಬಿಡಿ ಗ್ರಾಹಕರಿಗೆ ಮಾರುವ ಸಣ್ಣ ಕಿರಾಣಿ ಅಂಗಡಿಗೆ ಇದು ಅನ್ವಯಿಸಲ್ಲ.

ಆಡಿಟ್ ಟ್ರೇಲ್: ಯಾರು ಯಾವಾಗ ಲೆಕ್ಕ ತಿದ್ದಿದರು ಎಂದು ದಾಖಲಿಸುವ ಸಾಫ್ಟ್‌ವೇರ್ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವುದು ಕಂಪನಿ ಕಾಯ್ದೆಯಡಿ ನೋಂದಾದ ಕಂಪನಿಗಳಿಗೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ, ಪಾಲುದಾರಿಕೆ ಅಂಗಡಿಗೆ ಆ ನಿಯಮ ಇಲ್ಲ. ಆ ಸೌಲಭ್ಯ ಇದ್ದರೆ ಒಳ್ಳೆಯದು, ಅದು ಬೇರೆ ಮಾತು.

ಎರಡು ಹಂತದ ಲಾಗಿನ್: ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲ್‌ಗಳಲ್ಲಿ ಪಾಸ್‌ವರ್ಡ್ ಜತೆ ಒಟಿಪಿ ಹಾಕುವುದು 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯ. ಒಟಿಪಿ ಯಾರ ಮೊಬೈಲ್‌ಗೆ ಬರುತ್ತದೆ ಅನ್ನೋ ಪ್ರಶ್ನೆ ಇದರಿಂದ ಇನ್ನೂ ದೊಡ್ಡದಾಯಿತು. 50 ಸಾವಿರ ರೂಪಾಯಿ ಮೀರಿದ ಸರಕು ಗಾಡಿಗೆ ಏರಿ ನಿಂತಿರುವಾಗ ಒಟಿಪಿ ಬೇರೆಯವರ ಫೋನ್‌ಗೆ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಖರ್ಚಿನ ಒಂದು ಮಾತು. ಸಾಫ್ಟ್‌ವೇರ್ ಚಂದಾ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ರೆಗ್ಯುಲರ್ ನೋಂದಣಿ ಇದ್ದವರು ಅದರ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಇರುವ ಕಾಂಪೊಸಿಷನ್ ಯೋಜನೆಯಲ್ಲಿದ್ದವರಿಗೆ ಅದು ಸಿಗಲ್ಲ. ಅವರು ದರ ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಬೇಕು.

ಸಂಘ, ಟ್ರಸ್ಟ್, ಸಮಿತಿಗಳಿಗೆ ಇನ್ನೂ ಕಷ್ಟ

ಅಂಗಡಿಗಾದರೂ ಒಬ್ಬ ಮಾಲೀಕ ಇರುತ್ತಾರೆ. ಸಂಘ, ಶಾಲಾ ಟ್ರಸ್ಟ್, ದೇವಸ್ಥಾನ ಸಮಿತಿಗಳಲ್ಲಿ ಪದಾಧಿಕಾರಿ ಬದಲಾಗುತ್ತಿರುತ್ತಾರೆ. ಹಿಂದಿನ ಕಾರ್ಯದರ್ಶಿ ತಮ್ಮ ಸ್ವಂತ ಜಿ-ಮೇಲ್‌ನಲ್ಲಿ ಖಾತೆ ತೆರೆದಿರುತ್ತಾರೆ. ಸದಸ್ಯರ ಪಟ್ಟಿ, ಠರಾವಿನ ಪ್ರತಿ, ದೇಣಿಗೆ ಲೆಕ್ಕ ಎಲ್ಲ ಅದರ ಡ್ರೈವ್‌ನಲ್ಲಿ. ಚುನಾವಣೆ ಆಗಿ ಹೊಸ ಸಮಿತಿ ಬರುತ್ತದೆ. ಬೀಗದ ಕೈ, ರಸೀದಿ ಪುಸ್ತಕ, ಚೆಕ್ ಬುಕ್ ಹಸ್ತಾಂತರ ಆಗುತ್ತದೆ. ಪಾಸ್‌ವರ್ಡ್ ಮಾತು ಯಾರಿಗೂ ಹೊಳೆಯಲ್ಲ.

ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಉಚಿತ ಖಾತೆಯ 15 ಜಿಬಿ ಜಾಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಕಾರ್ಯದರ್ಶಿಯ ಮನೆಯ ಮದುವೆ ಫೋಟೊಗಳಿಂದ ಆ ಜಾಗ ತುಂಬಿದರೆ ಸಂಘಕ್ಕೆ ಬರಬೇಕಾದ ಮೇಲ್ ಕೂಡ ನಿಲ್ಲುತ್ತದೆ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಇದು ಬಂದು ಮುಟ್ಟಿದೆ. ಅವುಗಳ ಲೆಕ್ಕವನ್ನು ದೇಶಾದ್ಯಂತ ಒಂದೇ ಸಾಫ್ಟ್‌ವೇರ್‌ಗೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆರಂಭದಲ್ಲಿ 63 ಸಾವಿರ ಸಂಘಗಳು, 2,516 ಕೋಟಿ ರೂಪಾಯಿ ಅಂದಾಜು. ರೈತರ ಬೆಳೆ ಸಾಲದ ಲೆಕ್ಕ ಪರದೆ ಮೇಲೆ ಕಾಣುವುದು ಒಳ್ಳೆಯದೇ. ಆದರೆ ಸಂಘದ ಎಲ್ಲರೂ ಒಂದೇ ಲಾಗಿನ್ ಬಳಸಿದರೆ ನಾಳೆ ತಪ್ಪು ನಮೂದು ಯಾರದು ಎಂದು ಗೊತ್ತಾಗಲ್ಲ. ಕೊನೆಗೆ ಸಿಕ್ಕಿಬೀಳುವುದು ಯಾರ ಹೆಸರಲ್ಲಿ ಲಾಗಿನ್ ಇದೆಯೋ ಅವರು. ಅದು ಬಹಳ ಸಲ ಕಾರ್ಯದರ್ಶಿಯೇ ಆಗಿರುತ್ತಾರೆ. ಲಾಗಿನ್ ಬೇರೆ ಬೇರೆ ಇರುವುದು ಅವರ ರಕ್ಷಣೆಗೂ ಬೇಕು.

ಈ ಭಾನುವಾರ ಮಾಡಬಹುದಾದ ಆರು ಕೆಲಸ

ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಶಟರ್ ಇಳಿಸಿದ ಮೇಲೆ ಒಂದು ತಾಸು ಸಾಕು.

1. ಅಂಗಡಿ ಹೆಸರಿಗೇ ಒಂದು ಇ-ಮೇಲ್ ತೆರೆಯಿರಿ. ಅದಕ್ಕೆ ಮಾಲೀಕರ ಮೊಬೈಲ್ ಜೋಡಿಸಿ, ಎರಡನೇ ನಂಬರ್ ಆಗಿ ಮನೆಯವರೊಬ್ಬರದನ್ನು ಕೊಡಿ. ಬಿಲ್ಲಿಂಗ್ ಸಾಫ್ಟ್‌ವೇರ್, ಜಿಎಸ್‌ಟಿ, ಇ-ವೇ ಬಿಲ್, ಕ್ಯೂಆರ್ ಕೋಡ್ ಆ್ಯಪ್ ಎಲ್ಲಕ್ಕೂ ಇದೇ ಇರಲಿ.

2. ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ಪ್ರೈಮರಿ ಆಥರೈಸ್ಡ್ ಸಿಗ್ನೇಟರಿ’ ಎಂಬಲ್ಲಿ ಯಾರ ಮೊಬೈಲ್, ಯಾರ ಇ-ಮೇಲ್ ಇದೆ ನೋಡಿ. ಬೇರೆಯವರದಿದ್ದರೆ ನೋಂದಣಿ ತಿದ್ದುಪಡಿಯಲ್ಲಿ ಬದಲಿಸಬಹುದು. ಅವರ ಸಂಪರ್ಕವೇ ಇಲ್ಲದಿದ್ದರೆ ದಾಖಲೆ ಹಿಡಿದು ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ. ಪರಿಶೀಲಿಸಿ ಹೊಸ ನಂಬರ್ ದಾಖಲಿಸುವ ವ್ಯವಸ್ಥೆ ಅವರ ಬಳಿ ಇದೆ.

3. ಮುಖ್ಯ ಲಾಗಿನ್ ಯಾರಿಗೂ ಕೊಡಬೇಡಿ. ಗುಮಾಸ್ತ, ಅಕೌಂಟೆಂಟ್‌ಗೆ ಪ್ರತ್ಯೇಕ ಬಳಕೆದಾರ ಖಾತೆ ಮಾಡಿಸಿ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ‘ಸಬ್ ಯೂಸರ್’ ಸೌಲಭ್ಯ ಇದೆ, ಬಹಳಷ್ಟು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲೂ ಇದೆ. ಕೆಲಸ ಬಿಟ್ಟ ದಿನವೇ ಅವರ ಖಾತೆ ಮುಚ್ಚಿ.

4. ತಿಂಗಳಿಗೊಮ್ಮೆ ಮಾರಾಟ, ಖರೀದಿ, ಸ್ಟಾಕ್, ಉದ್ರಿ ಬಾಕಿಯನ್ನು ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಮನೆಯಲ್ಲಿಡಿ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಹೀಗೆ ಇಳಿಸಲು ಬಿಡದ ಸಾಫ್ಟ್‌ವೇರ್ ಎಷ್ಟು ಅಗ್ಗವಾದರೂ ಬೇಡ.

5. ರಿಪೇರಿಗೆಂದು ದೂರದಿಂದ ನಿಮ್ಮ ಕಂಪ್ಯೂಟರ್ ನೋಡುವ ಆ್ಯಪ್ ಹಾಕಿಸಿದ್ದರೆ ಕೆಲಸ ಮುಗಿದ ಮೇಲೆ ತೆಗೆಸಿ. ಆ ವೇಳೆ ಬ್ಯಾಂಕ್, ಯುಪಿಐ ತೆರೆಯಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

6. ಯಾವ ಸೇವೆ, ಯಾವ ಇ-ಮೇಲ್, ಯಾವ ನಂಬರ್, ಚಂದಾ ಮುಗಿಯುವ ದಿನ ಯಾವುದು? ಒಂದು ಹಾಳೆಯಲ್ಲಿ ಬರೆದು ಮುಖ್ಯ ಪಾಸ್‌ವರ್ಡ್ ಸಹಿತ ತಿಜೋರಿಯಲ್ಲಿಡಿ. ಎಲ್ಲಿದೆ ಎಂದು ಮನೆಯ ಒಬ್ಬರಿಗೆ ಗೊತ್ತಿರಲಿ. ಮಾಲೀಕರಿಗೆ ಏನಾದರೂ ಆದಾಗ ಹೆಂಡತಿ ಮಕ್ಕಳು ಉದ್ರಿ ಬಾಕಿ ಎಷ್ಟೆಂದು ತಿಳಿಯದೆ ಕೂರುವುದು ಬೇಡ. ಸಂಘಗಳಾದರೆ ಈ ಹಾಳೆಯ ಹಸ್ತಾಂತರವನ್ನು ಠರಾವಿನಲ್ಲೇ ಬರೆಯಲಿ.

ಕೇಳುವುದು ಅಪನಂಬಿಕೆ ಅಲ್ಲ

ಪಾಸ್‌ವರ್ಡ್ ವಾಪಸ್ ಕೇಳಿದರೆ ಅಕೌಂಟೆಂಟ್ ಬೇಸರ ಮಾಡ್ಕೋತಾರೆ ಅನ್ನೋ ಸಂಕೋಚ ಹಲವರಿಗಿದೆ. ತಾಲ್ಲೂಕು ಊರುಗಳಲ್ಲಿ ವ್ಯವಹಾರ ನಡೆಯುವುದೇ ಮುಖ ಪರಿಚಯದ ಮೇಲೆ. ಆದರೆ ಅವರಿಗೂ ಇದು ಒಳ್ಳೆಯದೇ. ಎಲ್ಲ ಬೀಗದ ಕೈಯೂ ತನ್ನ ಹತ್ತಿರವೇ ಇದ್ದರೆ ನಾಳೆ ತಪ್ಪು ರಿಟರ್ನ್ ಹೋದಾಗ ಮೊದಲ ಅನುಮಾನ ಬೀಳುವುದು ಅವರ ಮೇಲೆ. ಬೇರೆ ಲಾಗಿನ್ ಇದ್ದರೆ ಯಾರು ಏನು ಮಾಡಿದರು ಅನ್ನೋದು ತಾನೇ ದಾಖಲಾಗುತ್ತದೆ.

ವಾಣಿಜ್ಯ ತೆರಿಗೆ ಇಲಾಖೆಯೂ ವರ್ತಕರ ಸಂಘಗಳೂ ನೋಂದಣಿ ಬಗ್ಗೆ ಜಾಗೃತಿ ಮೂಡಿಸುವಾಗ ‘ನಿಮ್ಮ ಲಾಗಿನ್ ನಿಮ್ಮ ಹೆಸರಲ್ಲಿದೆಯೇ’ ಎಂಬ ಒಂದು ಪ್ರಶ್ನೆ ಸೇರಿಸಿದರೆ ಬಹಳ ಅಂಗಡಿಗಳಿಗೆ ಉಪಕಾರವಾಗುತ್ತದೆ. ಎಪಿಎಂಸಿ ಆವರಣದಲ್ಲೋ ವರ್ತಕರ ಭವನದಲ್ಲೋ ಒಂದು ಮಧ್ಯಾಹ್ನ ಕೂತು ಎಲ್ಲರ ಮೊಬೈಲ್ ನಂಬರ್ ಸರಿಪಡಿಸಿಕೊಂಡರೆ ಮುಗಿಯುವ ಕೆಲಸ ಅದು.

ಮುಂದಿನ ನೋಟಿಸ್ ಯಾವಾಗ, ಯಾರಿಗೆ ಬರುತ್ತದೋ ಯಾರೂ ಹೇಳಲಾರರು. ಬಂದ ದಿನ ಉತ್ತರಕ್ಕೆ ಬೇಕಾದ ಬಿಲ್‌ಗಳನ್ನು ಬೇರೆಯವರ ಒಟಿಪಿಗೆ ಕಾಯದೆ ಮಾಲೀಕರೇ ತೆಗೆದು ತೋರಿಸುವಂತಿರಬೇಕು. ಅಷ್ಟಾದರೆ ಲೆಕ್ಕ ಕಿರ್ದಿಯಲ್ಲಿದ್ದರೇನು, ಕ್ಲೌಡ್‌ನಲ್ಲಿದ್ದರೇನು.